ಜಪ್ತಿಯ ಅಮೀನ ಯಾರ ಬಾಗಿಲಿಗೆ?

ಬಾಗಲಕೋಟೆ, ವಿಜಯಪುರ ಕಡೆಯ ಪತ್ರಿಕೆಗಳಲ್ಲಿ ಆಗಾಗ ಒಂದು ಚಿತ್ರ ಕಾಣಿಸುತ್ತದೆ. ಸರ್ಕಾರಿ ಕಚೇರಿಯ ಅಂಗಳದಲ್ಲಿ ಕುರ್ಚಿ, ಕಂಪ್ಯೂಟರ್, ಕಪಾಟು. ಪಕ್ಕದಲ್ಲಿ ಕೋರ್ಟಿನ ಆದೇಶ ಜಾರಿ ಮಾಡುವ ಅಮೀನ, ವಕೀಲರು, ಒಬ್ಬಿಬ್ಬರು ರೈತರು. ಕೆಲವೊಮ್ಮೆ ಸಾಹೇಬರ ಜೀಪೂ ಜಪ್ತಿಯಾಗುತ್ತದೆ. ಜಮೀನು ಪಡೆದು ಪರಿಹಾರ ಬಾಕಿ ಉಳಿಸಿಕೊಂಡ ಸರ್ಕಾರವೇ ಇಲ್ಲಿ ಸಾಲಗಾರ.

ಜಪ್ತಿ ಅರಬ್ಬಿ ಮೂಲದ ಮಾತು. ಜಪ್ತಾದದ್ದನ್ನು ಕೂಗಿ ಮಾರುವ ‘ಲಿಲಾವು’ ಪೋರ್ಚುಗೀಸರಿಂದ ಬಂದದ್ದು. ಎರಡೂ ದೂರದಿಂದ ಬಂದವು, ಆದರೆ ಇವುಗಳ ಅರ್ಥ ಬಿಡಿಸಿ ಹೇಳಬೇಕಾದ ಮನೆ ನಮ್ಮ ಭಾಗದಲ್ಲಿಲ್ಲ.

ಬ್ರಿಟಿಷರ ಕಾಲದಲ್ಲಿ ಈ ಸೀಮೆ ಮುಂಬೈ ಪ್ರಾಂತ್ಯದಲ್ಲಿತ್ತು. ಕಂಪನಿ ಸರ್ಕಾರದ ಕೋರ್ಟುಗಳು ಬರುವ ಮೊದಲು ಸಾಹುಕಾರ ವಸೂಲಿಗೆ ಊರಿನ ಮುಖವನ್ನೂ ನೋಡಬೇಕಿತ್ತು. ಕೋರ್ಟು ಬಂದ ಮೇಲೆ ಕಾಗದವೊಂದಿದ್ದರೆ ಸಾಕಾಯಿತು. ಓದು ಬಾರದ ರೈತ ತಾರೀಖಿಗೆ ಹೋಗುತ್ತಿರಲಿಲ್ಲ; ಅವನ ಮಾತು ಕೇಳದೆಯೇ ಏಕಪಕ್ಷೀಯ ಡಿಕ್ರಿ, ಅಂದರೆ ಕೋರ್ಟಿನ ತೀರ್ಪಾಗಿ ಹೊಲ ಕೈಬಿಡುತ್ತಿತ್ತು. 1875ರಲ್ಲಿ ಪುಣೆ, ಅಹಮದ್‌ನಗರ ಜಿಲ್ಲೆಗಳ ರೈತರು ದಂಗೆಯೆದ್ದು ಸಾಹುಕಾರರ ಸಾಲಪತ್ರಗಳನ್ನೇ ಸುಟ್ಟರು. ಸರ್ಕಾರ 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ತಂದಿತು. ಒತ್ತೆ ಬರೆದುಕೊಡದ ಹೊಲವನ್ನು ಸಾಲಕ್ಕಾಗಿ ಜಪ್ತಿ ಮಾಡುವಂತಿಲ್ಲ ಎಂದಿತು. ಸಾಲದ ಹಳೆಯ ಲೆಕ್ಕ ಕೆದಕುವ ಅಧಿಕಾರವನ್ನು ನ್ಯಾಯಾಧೀಶರಿಗೆ ಕೊಟ್ಟಿತು. ಆದರೆ ಮೊದಲು ಅನ್ವಯಿಸಿದ್ದು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದ್‌ನಗರಗಳಿಗೆ ಮಾತ್ರ. ಇಂದಿನ ವಿಜಯಪುರ, ಬಾಗಲಕೋಟೆಗಳನ್ನು ಒಳಗೊಂಡಿದ್ದ ಕಲಾದಗಿ ಜಿಲ್ಲೆ 1876–78ರ ಭೀಕರ ಬರದಿಂದ ಆಗಷ್ಟೇ ಎದ್ದಿತ್ತು. ದಂಗೆ ಮಾಡಿದವರಿಗೂ ಅವರ ನೆರೆಯ ಜಿಲ್ಲೆಗಳಿಗೂ ಸಿಕ್ಕ ರಕ್ಷಣೆ ಸುಮ್ಮನೆ ಸತ್ತವರಿಗೆ ಅಂದು ಸಿಗಲಿಲ್ಲ.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಓದುವಂಥದ್ದು. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಮುಟ್ಟುವಂತಿಲ್ಲ. ಧರ್ಮದ ರೂಢಿಯಂತೆ ಹೆಂಗಸು ತೆಗೆದಿಡಲಾಗದ ಒಡವೆಯನ್ನೂ ಮುಟ್ಟುವಂತಿಲ್ಲ. ಬೇಸಾಯದ ಉಪಕರಣ, ಜೀವನಕ್ಕೆ ಬೇಕಾದಷ್ಟು ಎತ್ತು, ಬಿತ್ತನೆ ಬೀಜ, ರೈತ ವಾಸಿಸುವ ಮನೆ, ಇವುಗಳಿಗೂ ವಿನಾಯಿತಿ. ಅದೇ ಸಂಹಿತೆಯ ಬೇರೆ ನಿಯಮಗಳಂತೆ, ಸೂರ್ಯ ಮುಳುಗಿದ ಮೇಲೆ ಅಮೀನ ಮನೆಯೊಳಗೆ ಕಾಲಿಡಬಾರದು. ಸ್ಥಿರಾಸ್ತಿಯಾದರೆ ಜಪ್ತಿ ಆದೇಶವನ್ನು ಸ್ಥಳದಲ್ಲೇ ಡಂಗುರ ಹೊಡೆಸಿ ಅಥವಾ ರೂಢಿಯ ಬೇರೆ ಬಗೆಯಲ್ಲಿ ಸಾರಬೇಕು. ಸಾಲ ತೀರಲಿ, ಮನುಷ್ಯ ಮುಂದಿನ ಮಳೆಗೆ ಬಿತ್ತಲಿ ಎಂಬ ವಿವೇಕ ಇದರಲ್ಲಿದೆ.

ಈ ವಿವೇಕಕ್ಕೆ ತೂತುಗಳೂ ಇವೆ. ಎತ್ತಿಗೆ ವಿನಾಯಿತಿ ಸರಿ, ಆದರೆ ಇಂದು ಉಳುವುದು ಸಾಲದ ಟ್ರ್ಯಾಕ್ಟರ್. ಆ ಟ್ರ್ಯಾಕ್ಟರೇ ಸಾಲಕ್ಕೆ ಅಡಮಾನ. ಒತ್ತೆಯಿಟ್ಟ ಮನೆಗೂ 60ನೇ ಕಲಮಿನ ಆಸರೆಯಿಲ್ಲ. ಬ್ಯಾಂಕ್ ಸಾಲ ವಸೂಲಿಯ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು 60 ದಿನಗಳ ನೋಟಿಸ್ ಕೊಟ್ಟು, ಕೋರ್ಟಿನ ಡಿಕ್ರಿ ಇಲ್ಲದೆಯೇ ಅಡಮಾನದ ಆಸ್ತಿ ವಶಪಡಿಸಿಕೊಳ್ಳಬಹುದು. ಕೃಷಿ ಜಮೀನು ಅದರ ವ್ಯಾಪ್ತಿಯಲ್ಲಿಲ್ಲ, ಊರೊಳಗಿನ ಮನೆ ಇದೆ.

ತಹಶೀಲ್ದಾರರ ದಾರಿ ಬೇರೆ. ಬಾಕಿಯನ್ನು ‘ಭೂಕಂದಾಯದ ಬಾಕಿ’ ಎಂದು ಪರಿಗಣಿಸಿದರೆ ಸಾಕು, ವಸೂಲಿಗೆ ದಾವೆ ಬೇಡ. ಇದು ರೈತನ ಪರವಾಗಿಯೂ ತಿರುಗುತ್ತದೆ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬಿನ ಬಿಲ್ಲನ್ನು 14 ದಿನಗಳಲ್ಲಿ ಕೊಡಬೇಕು, ತಡವಾದರೆ ಶೇ 15 ಬಡ್ಡಿ. ಕೊಡದ ಕಾರ್ಖಾನೆಯ ಗೋದಾಮಿನ ಸಕ್ಕರೆಯನ್ನು ಜಿಲ್ಲಾಧಿಕಾರಿ ಇದೇ ದಾರಿಯಲ್ಲಿ ಜಪ್ತಿ ಮಾಡಬಹುದು. ರೈತನ ಸಣ್ಣ ಸಾಲಕ್ಕೆ ಉತಾರದಲ್ಲಿ (ಪಹಣಿಯಲ್ಲಿ) ಬೋಜಾ, ಅಂದರೆ ಸಾಲದ ಹೊರೆ, ಏರುವಷ್ಟು ಚುರುಕಾಗಿ ಇದು ನಡೆಯುವುದಿಲ್ಲ, ಅದು ಬೇರೆ ಮಾತು.

ಇನ್ನು ಆ ಕುರ್ಚಿಗಳ ಕಥೆ. ಆಲಮಟ್ಟಿ ಜಲಾಶಯಕ್ಕೆ, ಕಾಲುವೆಗಳಿಗೆ ಈ ಜಿಲ್ಲೆಗಳ ಅಪಾರ ಜಮೀನು 1894ರ ಭೂಸ್ವಾಧೀನ ಕಾಯ್ದೆಯಡಿ ಹೋಯಿತು. ದರ ಸಾಲದೆಂದವರು ಕೋರ್ಟಿಗೆ ಹೋದರು. ಕೋರ್ಟು ಹೆಚ್ಚಿಸಿದ ಮೊತ್ತಕ್ಕೆ ಮೊದಲ ವರ್ಷ ಶೇ 9, ಆಮೇಲೆ ಶೇ 15 ಬಡ್ಡಿ. ಏಳೆಂಟು ವರ್ಷ ಕಳೆದರೆ ಬಡ್ಡಿಯೇ ಅಸಲಿನಷ್ಟಾಗುತ್ತದೆ. ಡಿಕ್ರಿಯಾದ ಮೇಲೆ ಸರ್ಕಾರಕ್ಕೆ ಮೂರು ತಿಂಗಳ ಗಡುವಿದೆ. ಅದು ಮುಗಿದರೆ ರೈತ ಅಮಲ್ಜಾರಿಗೆ, ಅಂದರೆ ಡಿಕ್ರಿಯ ಜಾರಿಗೆ, ಅರ್ಜಿ ಹಾಕುತ್ತಾನೆ, ಅಮೀನ ಬರುತ್ತಾನೆ. ಸಾಹೇಬರ ಕುರ್ಚಿಗೆ 60ನೇ ಕಲಮಿನ ಪಟ್ಟಿಯಲ್ಲಿ ಜಾಗವಿಲ್ಲ.

ಹಳೆಯ ಕುರ್ಚಿ ಮಾರಿ ಲಕ್ಷಗಳ ಬಾಕಿ ತೀರುವುದಿಲ್ಲ ಎಂದು ರೈತನಿಗೂ ಗೊತ್ತು. ಕೆಲಸ ಮಾಡುವುದು ಮರ್ಯಾದೆಯ ಪ್ರಶ್ನೆ. ಜೀಪಿನ ಕೀಲಿ ಕೇಳಿದ ಕೂಡಲೇ ಫೋನುಗಳು ಓಡಾಡುತ್ತವೆ. ಒಂದಿಷ್ಟು ಠೇವಣಿ ಇಡುವ ಮಾತಾಗುತ್ತದೆ, ಉಳಿದದ್ದಕ್ಕೆ ಮುದ್ದತ್ತು ಕೇಳುತ್ತಾರೆ. ಹಿಂದೆ ರೈತ ಸಾಹುಕಾರನ ಕಟ್ಟೆಯ ಮುಂದೆ ನಿಂತು ಸುಗ್ಗಿಯವರೆಗೆ ತಡೆಯಿರಿ ಎನ್ನುತ್ತಿದ್ದ. ಕಚೇರಿಯವರು ಅನುದಾನ ಬರುವವರೆಗೆ ಎನ್ನುತ್ತಾರೆ.