ಕಾರ್ಟ್ರಿಡ್ಜ್ ಲೋಡ್: 47 ಕಿಲೋ ಓಮ್ ಅಷ್ಟೇ ನೋಡಿದರೆ ಸಾಲದು

ಟರ್ನ್‌ಟೇಬಲ್‌ನಲ್ಲಿ, ಅಂದರೆ ರೆಕಾರ್ಡ್ ಪ್ಲೇಯರ್‌ನಲ್ಲಿ, ಸೂಜಿಯನ್ನು ಹಿಡಿದಿರುವ ಪುಟ್ಟ ಭಾಗವೇ ಕಾರ್ಟ್ರಿಡ್ಜ್. ಅದು ಹುಟ್ಟಿಸುವ ಪುಟ್ಟ ಸಿಗ್ನಲ್, ಅದನ್ನು ದೊಡ್ಡದು ಮಾಡುವ ಫೋನೋ ಪ್ರೀಆಂಪ್ ಸೇರುವವರೆಗೆ ಏನೇನನ್ನು ಎದುರಿಸುತ್ತದೋ ಅದೆಲ್ಲ ಸೇರಿದರೆ ಕಾರ್ಟ್ರಿಡ್ಜ್‌ನ ಲೋಡ್. ಪ್ರೀಆಂಪ್‌ನ ಇನ್‌ಪುಟ್ ರೆಸಿಸ್ಟೆನ್ಸ್ ಅದರಲ್ಲಿ ಒಂದು, ಮೇಲೆ ಹೇಳಿದ 47 ಕಿಲೋ ಓಮ್ ಅದೇ. ಇನ್‌ಪುಟ್ ಕೆಪಾಸಿಟೆನ್ಸ್, ಅಂದರೆ ವಿದ್ಯುತ್ ಚಾರ್ಜನ್ನು ಹಿಡಿದಿಡುವ ಗುಣ, ಇನ್ನೊಂದು. ಕಾರ್ಟ್ರಿಡ್ಜ್ ಹೊತ್ತ ತೋಳಿನ, ಅಂದರೆ ಟೋನ್‌ಆರ್ಮ್ ಒಳಗಿನ ಸಣ್ಣ ವೈರು, ಟರ್ನ್‌ಟೇಬಲ್ ಹಿಂದಿನಿಂದ ಹೊರಡುವ ಆರ್‌ಸಿಎ ಕೇಬಲ್ಲು, ಇವೂ ಲೆಕ್ಕಕ್ಕೆ ಬರುತ್ತವೆ. ಕೇಬಲ್ ಅಂದರೆ ಸುಮ್ನೆ ಸಿಗ್ನಲ್ ಸಾಗಿಸುವ ದಾರಿ ಅಂದುಕೊಂಡಿರುತ್ತೇವೆ, ಅಲ್ವಾ? ಇಲ್ಲಿ ಅದೂ ಸರ್ಕ್ಯೂಟಿನ ಒಂದು ಬಿಡಿಭಾಗ.

ತುಮಕೂರಿನಲ್ಲಿ ಎಲ್‌ಪಿ ಕೇಳುವ ನಮ್ಮ ಗೆಳೆಯರ ಗುಂಪಿನಲ್ಲಿ ಮತ್ತೆ ಮತ್ತೆ ಬರುವ ದೂರು ಒಂದೇ. "ಹೊಸ ಕಾರ್ಟ್ರಿಡ್ಜ್ ಹಾಕಿದೆ ಅಣ್ಣಾ, ಹಾಡಿನಲ್ಲಿ ಸ, ಶ ಬಂದಾಗೆಲ್ಲ ಕಿವಿಗೆ ಚುಚ್ಚುತ್ತೆ." ಸೂಜಿ ಸರಿಯಿಲ್ಲ ಅಂತ ಇನ್ನೊಂದು ಸ್ಟೈಲಸ್ ತರಿಸುತ್ತಾರೆ, ಆಮೇಲೆ ಪ್ರೀಆಂಪ್ ಬದಲಾಯಿಸುತ್ತಾರೆ, ಆಮೇಲೆ ರೆಕಾರ್ಡೇ ಸವೆದಿದೆ ಅಂತ ತೀರ್ಮಾನ ಮಾಡುತ್ತಾರೆ. ಸೂಜಿಯ ಭಾರ ಮತ್ತು ಜೋಡಣೆ ಸರಿಯಿದೆಯೇ ಅಂತ ಮೊದಲು ನೋಡಬೇಕು, ನಿಜ. ಅದು ಸರಿಯಿದ್ದರೆ ದುಡ್ಡು ಬಿಚ್ಚುವ ಮುಂಚೆ ಕೆಪಾಸಿಟೆನ್ಸ್ ಕೂಡಿ ನೋಡಿ. ನನ್ನ ಮಟ್ಟಿಗೆ ಇದರಷ್ಟು ಅಗ್ಗದ ಪರೀಕ್ಷೆ ಬೇರೆ ಇಲ್ಲ.

ನಮ್ಮಲ್ಲಿ ಹೆಚ್ಚು ಜನರ ಬಳಿ ಇರುವುದು ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಡ್ಜ್. ಸೂಜಿಯ ಜೊತೆ ಪುಟ್ಟ ಅಯಸ್ಕಾಂತ ಅಲ್ಲಾಡುತ್ತದೆ, ಪಕ್ಕದ ಕಾಯಿಲ್‌ನಲ್ಲಿ ಕೆಲವು ಮಿಲಿವೋಲ್ಟ್ ಹುಟ್ಟುತ್ತದೆ. ಆ ಕಾಯಿಲ್‌ಗೆ ಸುತ್ತು ಜಾಸ್ತಿ, ಹಾಗಾಗಿ ಇಂಡಕ್ಟೆನ್ಸೂ (ಕರೆಂಟಿನ ಏರಿಳಿತವನ್ನು ತಡೆಯುವ ಗುಣ) ಜಾಸ್ತಿ. ಆಡಿಯೋ ಟೆಕ್ನಿಕಾ ವಿಎಂ95ಇ ಕಾರ್ಟ್ರಿಡ್ಜ್‌ನಲ್ಲಿ ಅದು 550 ಮಿಲಿಹೆನ್ರಿ, ಆರ್ಟೊಫೋನ್ 2ಎಂ ರೆಡ್‌ನಲ್ಲಿ 700. ಇಂಡಕ್ಟೆನ್ಸ್ ಮತ್ತು ಕೆಪಾಸಿಟೆನ್ಸ್ ಒಟ್ಟಿಗೆ ಇದ್ದ ಕಡೆ ರೆಸೊನೆನ್ಸ್ ಇದ್ದೇ ಇರುತ್ತದೆ. ಜೋಕಾಲಿಯನ್ನು ಅದರದೇ ಲಯಕ್ಕೆ ತಳ್ಳಿದರೆ ಎತ್ತರಕ್ಕೆ ಹೋಗುತ್ತದಲ್ಲ, ಹಾಗೆ ಒಂದು ಫ್ರೀಕ್ವೆನ್ಸಿಯ ಹತ್ತಿರ ಸಿಗ್ನಲ್ ಉಬ್ಬುತ್ತದೆ, ಅದನ್ನು ದಾಟಿದ ಮೇಲೆ ಜಾರಿ ಬೀಳುತ್ತದೆ. ಪ್ರಶ್ನೆ ಇರುವುದು ಆ ಉಬ್ಬು ಎಲ್ಲಿ ಕೂರುತ್ತದೆ, ಎಷ್ಟು ದೊಡ್ಡದು ಅನ್ನುವುದರಲ್ಲಿ.

ಲೆಕ್ಕ ಮಾಡೋಣ. 550 ಮಿಲಿಹೆನ್ರಿಗೆ 100 ಪಿಕೋಫ್ಯಾರಡ್ (ಕೆಪಾಸಿಟೆನ್ಸಿನ ಅಳತೆ) ಸೇರಿದರೆ ರೆಸೊನೆನ್ಸ್ ಸುಮಾರು 21 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಕಿವಿಗೆ ಕೇಳಿಸುವ ಮಿತಿಯ ಆಚೆ. 200 ಆದರೆ 15ಕ್ಕೆ ಇಳಿಯುತ್ತದೆ. 400 ಆದರೆ 10.7 ಕಿಲೋಹರ್ಟ್ಸ್! ಅದು ಸಕಾರ, ಶಕಾರ, ತಾಳದ ಕಿಣಿಕಿಣಿ ಎಲ್ಲ ಇರುವ ಜಾಗ. ಕೆಪಾಸಿಟೆನ್ಸ್ ಏರಿದಷ್ಟೂ ಉಬ್ಬು ಕೆಳಗಿಳಿಯುವುದಷ್ಟೇ ಅಲ್ಲ, ಚೂಪೂ ಆಗುತ್ತದೆ. ಮೇಲಿನ ಉಸಿರಾಟದಂಥ ಸೂಕ್ಷ್ಮಗಳು ಹೋಗಿ, ಅದರ ಕೆಳಗಿನದು ಕಿರುಚುತ್ತದೆ. ತಯಾರಕರು ಸೂಜಿಯ ಯಾಂತ್ರಿಕ ಕಂಪನವನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಎರಡೂ ಸರಿದೂಗುವ ಹಾಗೆ ಒಂದು ವ್ಯಾಪ್ತಿ ಹೇಳುತ್ತಾರೆ. ವಿಎಂ95ಇಗೆ 100ರಿಂದ 200 ಪಿಕೋಫ್ಯಾರಡ್, 2ಎಂ ರೆಡ್‌ಗೆ 150ರಿಂದ 300. ರೆಸಿಸ್ಟೆನ್ಸ್ ಮಾತ್ರ ಎರಡಕ್ಕೂ ಅದೇ 47 ಕಿಲೋ ಓಮ್. ಅದಕ್ಕೇ ಡಬ್ಬಿಯ ಮೇಲೆ 47 ನೋಡಿ ನಿಶ್ಚಿಂತೆಯಾಗಿ ಕೂರಬಾರದು.

ಈಗ ಮನೆಯ ಲೆಕ್ಕ. ಸಾಧಾರಣ ಕೇಬಲ್ ಮೀಟರಿಗೆ 100 ಪಿಕೋಫ್ಯಾರಡ್ ಆಸುಪಾಸು ಇರುತ್ತದೆ. ಒಂದೂವರೆ ಮೀಟರ್ ಹಾಕಿದರೆ 150. ಟೋನ್‌ಆರ್ಮ್ ವೈರಿಗೆ 30 ಅಂದುಕೊಳ್ಳಿ. ಪ್ರೀಆಂಪ್ ಒಳಗೆ 220 ಇದ್ದರೆ ಒಟ್ಟು 400. ಶೋಕೇಸ್ ದೂರ ಇದೆ ಅಂತ ಮೂರು ಮೀಟರ್ ಕೇಬಲ್ ಎಳೆದವರ ಕಥೆ ಹೇಳುವುದೇ ಬೇಡ. ಅಳೆದೇ ನೋಡಬೇಕು ಅನ್ನುವವರು ಕಾರ್ಟ್ರಿಡ್ಜ್ ಬಿಚ್ಚಿ, ಪ್ರೀಆಂಪ್‌ನಿಂದ ಪ್ಲಗ್ ಕಿತ್ತು, ಕೆಪಾಸಿಟೆನ್ಸ್ ಅಳೆಯುವ ಮೀಟರನ್ನು ಪ್ಲಗ್‌ನ ನಡುವಿನ ಪಿನ್ನಿಗೂ ಹೊರಗಿನ ಉಂಗುರಕ್ಕೂ ಇಡಿ. ಮೀಟರಿನ ವೈರುಗಳದ್ದೇ ಒಂದಷ್ಟು ಇರುತ್ತದೆ, ಅದನ್ನು ಕಳೆಯಿರಿ. ಕಾರ್ಟ್ರಿಡ್ಜ್ ಇಟ್ಟುಕೊಂಡೇ ಅಳೆದರೆ ಬರುವ ಅಂಕಿ ಸುಳ್ಳು.

ಕೆಪಾಸಿಟೆನ್ಸನ್ನು ಸೇರಿಸಬಹುದು, ಹೊರಗಿನಿಂದ ಏನೋ ಹಾಕಿ ಕಳೆಯಲು ಆಗುವುದಿಲ್ಲ. ಕಡಿಮೆ ಇದ್ದವರಿಗೆ ಸುಲಭ: ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋದಾಗ 47 ಅಥವಾ 100 ಪಿಕೋಫ್ಯಾರಡ್‌ನ ಎರಡು ಕೆಪಾಸಿಟರ್ ತಂದು ಎಡ ಬಲ ಎರಡಕ್ಕೂ ಪ್ಯಾರಲಲ್ ಆಗಿ ಬೆಸುಗೆ ಹಾಕಿದರೆ ಆಯಿತು. ಜಾಸ್ತಿ ಇದ್ದವರು ಕೇಬಲ್ ಗಿಡ್ಡ ಮಾಡಬೇಕು, ಇಲ್ಲ ಮೀಟರಿಗೆ 50ರ ಹತ್ತಿರ ಇರುವ ಕೇಬಲ್ ಹುಡುಕಬೇಕು, ಅಥವಾ ಪ್ರೀಆಂಪ್‌ನಲ್ಲಿ ಸ್ವಿಚ್ ಇದ್ದರೆ ಅದನ್ನು ಕೆಳಗಿಳಿಸಬೇಕು. ದುಬಾರಿ ಕೇಬಲ್ ಕೊಂಡರೆ ಕಡಿಮೆ ಇರುತ್ತದೆ ಅನ್ನುವ ಖಾತ್ರಿಯಂತೂ ಇಲ್ಲ. ಎಷ್ಟು ಪಿಕೋಫ್ಯಾರಡ್ ಅಂತ ಕೇಳಿ, ಉತ್ತರ ಬರದಿದ್ದರೆ ಮುಂದಿನ ಅಂಗಡಿಗೆ ಹೋಗಿ. ಇದ್ಯಾವುದೂ ಆಗದಿದ್ದರೆ ರೆಸಿಸ್ಟೆನ್ಸ್ ಇಳಿಸಿಯೂ ಉಬ್ಬನ್ನು ತಗ್ಗಿಸಬಹುದು. 47 ಕಿಲೋ ಓಮ್‌ಗೆ ಪ್ಯಾರಲಲ್ ಆಗಿ 100 ಕಿಲೋ ಓಮ್ ಹಾಕಿದರೆ 32 ಆಗುತ್ತದೆ, ದನಿ ಕೊಂಚ ಮೆತ್ತಗಾಗುತ್ತದೆ. ಅತಿ ಮಾಡಿದರೆ ಮಂಕು ಹಿಡಿದಂತೆ ಕೇಳುತ್ತದೆ.

ಅಯಸ್ಕಾಂತದ ಬದಲು ಕಾಯಿಲ್ಲೇ ಅಲ್ಲಾಡುವ ಮೂವಿಂಗ್ ಕಾಯಿಲ್ ಕಾರ್ಟ್ರಿಡ್ಜ್‌ಗೆ ಈ ತಲೆನೋವು ಕಡಿಮೆ. ಇಂಡಕ್ಟೆನ್ಸ್ ತೀರಾ ಚಿಕ್ಕದು, ಆದ್ದರಿಂದ ಕೇಬಲ್ಲಿನ ಕೆಪಾಸಿಟೆನ್ಸ್ ಮಾಡುವ ಉಬ್ಬು ಕಿವಿಯ ವ್ಯಾಪ್ತಿಯಿಂದ ಬಹಳ ಮೇಲಿರುತ್ತದೆ. ಅಲ್ಲಿ ರೆಸಿಸ್ಟೆನ್ಸ್ ಮುಖ್ಯ. ಜಪಾನಿನ ಡೆನಾನ್ ಡಿಎಲ್-103 ನೋಡಿ: ಇಂಪೆಡೆನ್ಸ್ (ಕಾಯಿಲ್‌ನದ್ದೇ ತಡೆ) 40 ಓಮ್, ಔಟ್‌ಪುಟ್ ಬರೀ 0.3 ಮಿಲಿವೋಲ್ಟ್. ಅದಕ್ಕೆ 100 ಓಮ್ ಲೋಡ್ ಕೊಟ್ಟರೆ ಸುಮಾರು 3 ಡೆಸಿಬೆಲ್ ಕಾಯಿಲ್‌ನಲ್ಲೇ ಹೋಗುತ್ತದೆ. 1000 ಓಮ್ ಕೊಟ್ಟರೆ ನಷ್ಟ ಗೊತ್ತೇ ಆಗುವುದಿಲ್ಲ. ಕಾಯಿಲ್‌ನ ಹತ್ತು ಪಟ್ಟು ಲೋಡ್ ಅನ್ನುವ ರೂಢಿ ಬಂದಿರುವುದು ಈ ಕಾರಣಕ್ಕೆ. ಪ್ರೀಆಂಪ್‌ಗೆ ಮುಂಚೆ ವೋಲ್ಟೇಜ್ ಏರಿಸಲು ಸ್ಟೆಪ್ ಅಪ್ ಟ್ರಾನ್ಸ್‌ಫಾರ್ಮರ್ ಬಳಸುವವರು ಪ್ರೀಆಂಪ್‌ನ 47 ಕಿಲೋ ಓಮನ್ನು ಅದರ ಸುತ್ತುಗಳ ಅನುಪಾತದ ವರ್ಗದಿಂದ ಭಾಗಿಸಬೇಕು. 1:10 ಆದರೆ 47,000 ಭಾಗಿಸು 100, ಕಾರ್ಟ್ರಿಡ್ಜ್‌ಗೆ ಕಾಣುವುದು 470 ಓಮ್.

ಅಜ್ಜನ ಕಾಲದ ಎಚ್‌ಎಂವಿ ಪೆಟ್ಟಿಗೆ ಪ್ಲೇಯರ್ ಇದ್ದವರಿಗೆ ಒಂದು ಮಾತು. ಅಂಥವುಗಳಲ್ಲಿ ಸಾಮಾನ್ಯವಾಗಿ ಸೆರಾಮಿಕ್ ಕಾರ್ಟ್ರಿಡ್ಜ್ ಇರುತ್ತದೆ. ಅದರಲ್ಲಿ ಕಾಯಿಲ್ ಇಲ್ಲ, ಅದೇ ಒಂದು ಕೆಪಾಸಿಟರ್ ಇದ್ದ ಹಾಗೆ. ಔಟ್‌ಪುಟ್ ನೂರಾರು ಮಿಲಿವೋಲ್ಟ್, ಫೋನೋ ಪ್ರೀಆಂಪ್ ಬೇಕಿಲ್ಲ. ಆದರೆ 1 ಮೆಗಾ ಓಮ್ ಮಟ್ಟದ ಲೋಡ್ ಬೇಕು. ಈಗಿನ ಆಂಪ್ಲಿಫೈಯರ್‌ನ ಆಕ್ಸ್ ಇನ್‌ಪುಟ್‌ಗೆ ಸಿಕ್ಕಿಸಿದರೆ ಅಲ್ಲಿರುವ ಹತ್ತಾರು ಕಿಲೋ ಓಮ್‌ಗೆ ಬೇಸ್ ಎಲ್ಲ ಮಾಯವಾಗಿ ಹಳೆ ಟೆಲಿಫೋನಿನಲ್ಲಿ ಹಾಡು ಕೇಳಿದಂತಾಗುತ್ತದೆ. ನಡುವೆ ಒಂದು ಎಫ್‌ಇಟಿ ಬಫರ್ (ಕಾರ್ಟ್ರಿಡ್ಜ್‌ಗೆ ದೊಡ್ಡ ರೆಸಿಸ್ಟೆನ್ಸ್ ತೋರಿಸುವ ಪುಟ್ಟ ಟ್ರಾನ್ಸಿಸ್ಟರ್ ಸರ್ಕ್ಯೂಟು) ಹಾಕಿಸಿ, ಟಿವಿ ರಿಪೇರಿ ಮಾಡುವ ಯಾರಾದರೂ ಅರ್ಧ ದಿನದಲ್ಲಿ ಕಟ್ಟಿಕೊಡುತ್ತಾರೆ.