ಕಲಮ್‌ಜನಿ ಅಂದರೇನು?

ಪೊಲೀಸ್ ಕೇಸಿನ ಸುದ್ದಿಗಳಲ್ಲಿ ‘ಕಲಂ 420’ ಅಂತ ಓದಿರುತ್ತೀರಿ, ಅಲ್ವಾ? ಆ ಕಲಂ ಮೂಲದಲ್ಲಿ ಲೇಖನಿ. ಅರಬ್ಬಿಯಿಂದ ಪಾರ್ಸಿಗೆ ಹೋಗಿ, ನಮ್ಮ ಕಚೇರಿ ಕನ್ನಡಕ್ಕೂ ಬಂದ ಪದ. ಇರಾನಿನಲ್ಲಿ ಲೋಹ ಕೆತ್ತುವ ಪುಟ್ಟ ಉಳಿಯನ್ನೂ ಕಲಮ್ ಅಂತಲೇ ಕರೆಯುತ್ತಾರೆ. ‘ಜನಿ’ ಅಂದರೆ ಹೊಡೆಯುವುದು. ಉಳಿಯನ್ನು ಸುತ್ತಿಗೆಯಿಂದ ತಟ್ಟಿ ತಟ್ಟಿ ಲೋಹದ ಮೇಲೆ ಚಿತ್ತಾರ ಮೂಡಿಸುವ ಕಸುಬೇ ಕಲಮ್‌ಜನಿ.

ಇಸ್ಫಹಾನ್ ಪಟ್ಟಣ ಇವತ್ತಿಗೂ ಇದಕ್ಕೆ ಹೆಸರುವಾಸಿ. ತೆಳು ತಗಡಿನ ಪಾತ್ರೆಯಾದರೆ ಮೊದಲು ಒಳಗೆ ಡಾಂಬರಿನಂಥ ಅಂಟನ್ನು ಕಾಯಿಸಿ ತುಂಬುತ್ತಾರೆ. ಅದು ಗಟ್ಟಿಯಾದ ಮೇಲೇ ಕೆತ್ತನೆ. ಇಲ್ಲದಿದ್ದರೆ ಏಟಿಗೆ ತಗಡು ನೆಗ್ಗಿಹೋಗುತ್ತದೆ.

ಆದರೆ ಈ ಕೆತ್ತನೆಯ ಸೊಗಸು ಕಾಣಬೇಕಾದರೆ ಹಿಂದೆ ಇರಾನ್ ಆಳಿದ ತುರ್ಕಿ ಮೂಲದ ಸೆಲ್ಜುಕ್ ಅರಸರ ಕಾಲದ ಲೋಹದ ಪ್ರಾಣಿಗಳನ್ನು ನೋಡಬೇಕು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಕಂಚಿನ ಸಿಂಹವೊಂದಿದೆ. ಎತ್ತರ ಸುಮಾರು 85 ಸೆಂಟಿಮೀಟರ್, ಊಟದ ಮೇಜಿಗಿಂತ ಸ್ವಲ್ಪ ಜಾಸ್ತಿ. ಇದು ಸುಮ್ನೆ ನೋಡೋಕೆ ಮಾಡಿದ ಗೊಂಬೆಯಲ್ಲ, ಧೂಪದಾನಿ. ತಲೆ ಕಳಚಿ ಒಳಗೆ ಕೆಂಡ, ಧೂಪ ಹಾಕುತ್ತಿದ್ದರು. ಮೈತುಂಬ ಬಳ್ಳಿಯ ವಿನ್ಯಾಸದಲ್ಲಿ ಕೊರೆದ ತೂತುಗಳು. ಹೊಗೆ ಆ ಬಳ್ಳಿಗಳ ನಡುವಿಂದಲೇ ಹೊರಗೆ ಬರಬೇಕು. ಮಾಡಿಸಿದ ಅಮೀರನ ಹೆಸರು, ಮಾಡಿದ ಜಾಫರ್ ಇಬ್ನ್ ಮುಹಮ್ಮದ್ ಇಬ್ನ್ ಅಲಿಯ ಹೆಸರು, ಹಿಜರಿ 577 ಎಂಬ ವರ್ಷ, ಎಲ್ಲವನ್ನೂ ಮೈಮೇಲೆ ಕೂಫಿ ಎಂಬ ಹಳೆಯ ಅರಬ್ಬಿ ಶೈಲಿಯ ಅಕ್ಷರಗಳಲ್ಲಿ ಕೆತ್ತಲಾಗಿದೆ. ನಮ್ಮ ಲೆಕ್ಕದಲ್ಲಿ ಅದು 1181-82. ಉಳಿ ಇಲ್ಲಿ ನಿಜವಾಗಿಯೂ ಲೇಖನಿಯ ಕೆಲಸವನ್ನೇ ಮಾಡಿದೆ.

ನನಗೆ ಇನ್ನೂ ಇಷ್ಟವಾದದ್ದು ರಷ್ಯಾದ ಹರ್ಮಿಟಾಜ್ ಮ್ಯೂಸಿಯಂನಲ್ಲಿರುವ 1206ರ ಹಸು. ನೀರು ಹಾಕಿಡುವ ಪಾತ್ರೆ ಅದು. ನಮ್ಮ ನಾಟಿ ಹಸುವಿನ ಹಾಗೇ ಹಿಣಿಲಿದೆ. ಕೆಳಗೆ ಕರು ಹಾಲು ಕುಡಿಯುತ್ತಿದೆ. ಬೆನ್ನ ಮೇಲೆ ಪುಟ್ಟ ಸಿಂಹವೊಂದು ಕಚ್ಚಿ ಹಿಡಿದಿದೆ, ಅದೇ ಹಿಡಿಕೆ! ಕೆತ್ತಿದ ಗೆರೆಗಳಲ್ಲಿ ಬೆಳ್ಳಿ ಕೂರಿಸಿದ್ದಾರೆ. ಬೀದರಿನ ಬಿದ್ರಿ ಸಾಮಾನು ನೋಡಿದವರಿಗೆ ಈ ಕೆಲಸ ಹೊಸದೇನಲ್ಲ. ಬಿದ್ರಿಯೂ ಇರಾನಿನ ಕಸುಬುದಾರರ ಜೊತೆ ಬಂದದ್ದು ಅಂತಲೇ ಬೀದರಿನಲ್ಲಿ ಹೇಳುತ್ತಾರೆ.

ಈ ಹಸುವಿನ ಮೇಲೂ ಬರಹವಿದೆ, ಪಾರ್ಸಿಯಲ್ಲಿ. ಹಸು, ಕರು, ಸಿಂಹ ಮೂರನ್ನೂ ದೇವರ ದಯೆಯಿಂದ ಒಂದೇ ಸಲಕ್ಕೆ ಎರಕ ಹೊಯ್ದದ್ದು ಅಂತ ಅದರಲ್ಲಿದೆ.