ಮಾವ ಹೇಳಿದ ಹುಳ ನಿಜವಾಗಿತ್ತು

"ರಾತ್ರಿ ಆದ್ರೆ ಸಾಕು, ಮೈಮೇಲೆ ಹುಳ ಹರೀತದೆ ಕಣೋ" ಅಂತ ನಮ್ಮ ಸೋದರಮಾವ ಮೂರು ವಾರದಿಂದ ಹೇಳುತ್ತಲೇ ಇದ್ದರು. ಆಗ ಅವರು ಮೈಸೂರಿನ ಒಂದು ಮಾನಸಿಕ ಚಿಕಿತ್ಸೆಯ ವಾರ್ಡಿನಲ್ಲಿದ್ದರು. ಇಲ್ಲದ್ದು ಕಾಣುವುದು, ಕೇಳುವುದು ಅವರ ಕಾಯಿಲೆಯಲ್ಲಿ ಮೊದಲಿಂದ ಇದ್ದದ್ದೇ, ಹಾಗಾಗಿ ಇದನ್ನೂ ಎಲ್ಲರೂ ಆ ಲೆಕ್ಕಕ್ಕೇ ಸೇರಿಸಿದರು. ನಾನೂ ಸೇರಿಸಿದ್ದೆ. ಒಂದು ಭಾನುವಾರ ಮಂಡ್ಯದಿಂದ ಬಂದ ಅತ್ತೆ ಸುಮ್ನೆ ಅವರ ಕೈ ಹಿಡಿದು ಕೂತಿದ್ದಾಗ ಬೆರಳ ಸಂದಿ ನೋಡಿದರು. ಸಣ್ಣ ಗುಳ್ಳೆಗಳು, ಕೆರೆದು ಕೆರೆದು ಹಕ್ಕಳೆ ಕಟ್ಟಿದ್ದವು. "ಇದು ಕಜ್ಜಿ ಕಣಪ್ಪಾ, ಭ್ರಮೆ ಅಲ್ಲ" ಅಂದರು. ಅಷ್ಟರಲ್ಲಿ ಪಕ್ಕದ ಮಂಚದವರು, ಒಬ್ಬ ಆಯಾ ಕೂಡ ಕೆರೆದುಕೊಳ್ಳುತ್ತಿದ್ದರು.

ಕಜ್ಜಿಯ ಹುಳ ಅರ್ಧ ಮಿಲಿಮೀಟರಿಗಿಂತ ಚಿಕ್ಕದು. ಹೆಣ್ಣುಹುಳ ಚರ್ಮದ ಮೇಲ್ಪದರ ಕೊರೆದು ಒಳಗೆ ಮೊಟ್ಟೆ ಇಡುತ್ತದೆ. ಮೊದಲ ಸಲ ತಗುಲಿದವರಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕು, ಆದರೆ ಅಷ್ಟು ದಿನವೂ ಅವರಿಂದ ಬೇರೆಯವರಿಗೆ ಹರಡಬಹುದು. ಸಾಮಾನ್ಯವಾಗಿ ಒಬ್ಬರ ಮೈಯಲ್ಲಿ ಹತ್ತು ಹದಿನೈದು ಹುಳ ಇದ್ದರೆ ಹೆಚ್ಚು. ರೋಗನಿರೋಧಕ ಶಕ್ತಿ ಕುಗ್ಗಿದಂಥವರಲ್ಲಿ ಅದು ಸಾವಿರ, ಲಕ್ಷ ದಾಟಿ ಚರ್ಮ ದಪ್ಪಗೆ ಹಕ್ಕಳೆ ಕಟ್ಟುತ್ತದೆ, ಆಗ ಹಾಸಿಗೆ, ಕುರ್ಚಿಯಿಂದಲೂ ಅಂಟುತ್ತದೆ. ಅದಕ್ಕೇ ತುರಿಕೆ ಇದ್ದವರಿಗಷ್ಟೇ ಮುಲಾಮು ಕೊಟ್ಟರೆ ಸಾಲದು. ಹತ್ತಿರ ಇದ್ದ ರೋಗಿಗಳು, ನರ್ಸುಗಳು, ಆಯಾಗಳು ಎಲ್ಲರೂ ಒಂದೇ ದಿನ ಹಚ್ಚಿಕೊಳ್ಳಬೇಕು, ಬಟ್ಟೆ ಹೊದಿಕೆ ಬಿಸಿನೀರಿಗೆ ಹಾಕಬೇಕು.

ಕಜ್ಜಿಯಿಂದ ಜೀವ ಹೋಗುವುದು ಅಪರೂಪ. ಕೋವಿಡ್ ಹಾಗಲ್ಲ ಅಲ್ವಾ. 2020ರ ಫೆಬ್ರವರಿಯಲ್ಲಿ ದಕ್ಷಿಣ ಕೊರಿಯಾದ ಚಂಗ್‌ಡೋ ಊರಿನ ದೇನಾಮ್ ಆಸ್ಪತ್ರೆಯಲ್ಲಿ, ಬೀಗ ಹಾಕಿದ ಮಾನಸಿಕ ವಾರ್ಡಿನ ನೂರಕ್ಕೂ ಹೆಚ್ಚು ರೋಗಿಗಳಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಸೋಂಕು ತಗುಲಿತು. ಆ ದೇಶದ ಮೊದಲ ಕೋವಿಡ್ ಸಾವು ಅಲ್ಲಿಯದೇ. ಸತ್ತವರು ಇಪ್ಪತ್ತು ವರ್ಷಕ್ಕೂ ಜಾಸ್ತಿ ಆ ವಾರ್ಡಿನಲ್ಲೇ ಇದ್ದವರು, ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ರೋಗಿ ಹಾರಿಬಿಡಬಾರದು, ಓಡಿಹೋಗಬಾರದು ಅಂತ ಇಂಥ ವಾರ್ಡಿನ ಕಿಟಕಿ ಮುಚ್ಚಿರುತ್ತಾರೆ. ಕಾರಣ ಸರಿಯೇ. ಆದರೆ ಗಾಳಿಯೂ ಓಡಾಡುವುದಿಲ್ಲ. ನಮ್ಮೂರಿನ ಕೆಆರ್‌ಎಸ್ ರಸ್ತೆಯಲ್ಲಿ, ಕ್ಷಯದಿಂದ ತೀರಿಕೊಂಡ ನಾಲ್ವಡಿಯವರ ಸೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಸ್ಯಾನಟೋರಿಯಂ, ಅಂದರೆ ಕ್ಷಯದ ಆಸ್ಪತ್ರೆ, ಇದೆ. ಕ್ಷಯಕ್ಕೆ ಮದ್ದೇ ಇಲ್ಲದ ಕಾಲದಲ್ಲಿ ಸ್ಯಾನಟೋರಿಯಂಗಳು ನಂಬಿದ್ದು ಗಾಳಿ ಬೆಳಕನ್ನೇ. ಗಟ್ಟಿ ಸರಳು ಹಾಕಿದ ತೆರೆದ ಕಿಟಕಿಯಿಂದ ಕಾವಲು, ಗಾಳಿ ಎರಡೂ ಆಗುತ್ತದೆ. ಸ್ಯಾನಿಟೈಸರ್ ಕಥೆಯೂ ಹೀಗೇ, ಅದರಲ್ಲಿ ಆಲ್ಕೋಹಾಲ್ ಇರುವುದರಿಂದ ಕುಡಿದುಬಿಡುವ ಭಯ, ಹಾಗಾಗಿ ಕೈಗೆಟುಕುವಂತೆ ಇಡಲಾಗದು. ಸೋಪು ನೀರೇ ಗತಿ, ನಲ್ಲಿಯಲ್ಲಿ ನೀರು ಬರಬೇಕು ಅಷ್ಟೇ.

ಮಾತ್ರೆಗಳ ವಿಷಯ ಇನ್ನೂ ಸೂಕ್ಷ್ಮ. ಮನಸ್ಸಿನ ವಿಪರೀತ ಏರಿಳಿತಕ್ಕೆ ಕೊಡುವ ಲಿಥಿಯಂ ತಗೊಳ್ಳುವವರಿಗೆ ವಾಂತಿ ಭೇದಿಯಾಗಿ ಮೈಯ ನೀರು ಬತ್ತಿದರೆ ರಕ್ತದಲ್ಲಿ ಲಿಥಿಯಂ ಏರಿ ಕೈ ನಡುಗುತ್ತದೆ, ಮಾತು ತೊದಲುತ್ತದೆ, ದಿಕ್ಕು ತೋಚದಂತಾಗುತ್ತದೆ. ನೋಡಿದವರು ಹಳೇ ಕಾಯಿಲೆ ಕೆರಳಿದೆ ಅಂದುಕೊಳ್ಳುತ್ತಾರೆ. ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೋಜಪಿನ್ ಕೆಲವರಲ್ಲಿ ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣ ಕುಸಿಯುವಂತೆ ಮಾಡುತ್ತದೆ. ಅದನ್ನು ತಗೊಳ್ಳುವವರು ಗಂಟಲು ನೋವು, ಜ್ವರ ಅಂದರೆ ತಡಮಾಡದೆ ರಕ್ತ ಪರೀಕ್ಷೆ ಆಗಲೇಬೇಕು. ಹೇಳುವವರ ಮಾತು ಯಾರಾದರೂ ಕೇಳಿಸಿಕೊಂಡರೆ ತಾನೇ ಪರೀಕ್ಷೆ? ಸುರಕ್ಷಿತವಾದ, ಶುಚಿಯಾದ ಜಾಗದಲ್ಲಿರುವುದು ರೋಗಿಯ ಹಕ್ಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ.

ಹುಳ ಸತ್ತ ಮೇಲೂ ಕೆಲವು ವಾರ ತುರಿಕೆ ಇರುತ್ತದೆ. ಮಾವ ಆಗಲೂ ದಿನಾ ಹೇಳುತ್ತಿದ್ದರು. ಈ ಸಲ ರಾತ್ರಿ ಪಾಳಿಯ ನರ್ಸಮ್ಮ ಬಂದು, ಬೆರಳು ಅಗಲಿಸಿ ಟಾರ್ಚು ಬಿಟ್ಟು ನೋಡಿ, ಚಾರ್ಟಿನಲ್ಲಿ ಬರೆದುಕೊಂಡು ಹೋಗುತ್ತಿದ್ದರು.